ಕೆಟ್ಟು ನಿಂತ ಗಾಡಿಯ ಸುತ್ತ



ದತ್ತಿ ಉಪನ್ಯಾಸ ಎಂದ ಕೂಡಲೇ ವಚನ, ಕೀರ್ತನೆ, ನವೋದಯ ಕಾವ್ಯ ನೆನಪಾಗುವುದು ವಾಡಿಕೆ. ಇಲ್ಲಿ ಕೂತವರಲ್ಲಿ ಕೆಲವರಾದರೂ ಅದನ್ನೇ ನಿರೀಕ್ಷಿಸಿ ಬಂದಿರಬಹುದು, ಅವರ ಕ್ಷಮೆ ಕೋರುತ್ತೇನೆ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಹೇಳಿದವನಿಗೆ ಗೊತ್ತಿರುವುದು ಗಾಡಿ. ಆದರೂ ಈ ವಿಷಯ ಪೀಣ್ಯದ ಸಭೆಗೆ ಹೊರಗಿನದೇನೂ ಅಲ್ಲ. ನಿಮ್ಮಲ್ಲಿ ಅರ್ಧ ಜನ ದಿನಾ ತುಮಕೂರು ರಸ್ತೆಯಲ್ಲಿ ಬಂದು ಹೋಗುವವರು. ನಿಮ್ಮ ಮಕ್ಕಳು ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಕ್ಯಾಬ್ ಹತ್ತುವವರು.

ಬೆಂಗಳೂರು ಸಂಚಾರ ಪೊಲೀಸರು ಬೆಳಗ್ಗೆಯಿಂದ ಹಾಕುವ ಸಂದೇಶಗಳನ್ನು ಗಮನಿಸಿ. ಇಂಥ ಕಡೆ ಬಸ್ಸು ಕೆಟ್ಟು ನಿಂತಿದೆ, ಇಂಥ ಕಡೆ ಲಾರಿ ಕೆಟ್ಟು ನಿಂತಿದೆ, ಸಂಚಾರ ನಿಧಾನವಾಗಿದೆ, ಸಹಕರಿಸಿ. ಓದುವವರಿಗೆ ಕಾಣುವುದು ಆಫೀಸಿಗೆ ಆಗುವ ತಡ. ನಾನು ಕೇಳುವುದು ಬೇರೆ: ಆ ಹೊತ್ತಿಗೆ ಆ ಗಾಡಿಯ ಚಾಲಕ ಎಲ್ಲಿ ನಿಂತಿದ್ದಾನೆ? ಗಾಡಿ ಕೆಡುವುದರಿಂದ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ. ಕೆಟ್ಟ ಗಾಡಿಯನ್ನು ಬಿಟ್ಟು ಕದಲಲಾರದೆ ಅದರ ಪಕ್ಕದಲ್ಲೇ ನಿಂತವರು ಸಾಯುತ್ತಾರೆ, ಅದಕ್ಕೆ ಬಂದು ಗುದ್ದಿದವರು ಸಾಯುತ್ತಾರೆ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟು. ಉಳಿದದ್ದು ಇದರ ವಿವರ.

2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಬಳಿ, ಬೆಂಗಳೂರಿನ ಕಡೆಗೆ ಬರುತ್ತಿದ್ದ ಸುಮೊ ಗಾಡಿಯೊಂದು ಮಂಜಿನಲ್ಲಿ ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಗುದ್ದಿತು. ಹದಿಮೂರು ಜನ ಹೋದರು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನಲ್ಲಿ ಮತ್ತೆ ಹಾಗೆಯೇ ಆಯಿತು. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಮರಳುತ್ತಿದ್ದ ಟೆಂಪೊ ಟ್ರಾವೆಲರ್, ನಿಂತಿದ್ದ ಲಾರಿ. ಅಲ್ಲೂ ಹದಿಮೂರು. ಈ ಎರಡನೆಯ ಅಪಘಾತವಾದ ಹೆದ್ದಾರಿಯೇ ಮುಂದುವರಿದು ನಿಮ್ಮ ಈ ಎಂಟನೇ ಮೈಲಿಯ ಮುಂದೆ ಹಾದುಹೋಗುತ್ತದೆ. ಇಂಥ ಸುದ್ದಿ ಬಂದಾಗ ನಾವು ಗುದ್ದಿದವನ ವೇಗ, ನಿದ್ದೆ, ಕುಡಿತ ಎಂದೆಲ್ಲ ಚರ್ಚೆ ಮಾಡುತ್ತೇವೆ. ನಿಂತಿದ್ದವನ ಬಗ್ಗೆ ಮಾತು ಕಡಿಮೆ.

ಸ್ವಲ್ಪ ಲೆಕ್ಕ ಮಾಡೋಣ, ಕಾರ್ಖಾನೆಯವರಿಗೆ ಲೆಕ್ಕದ ಭಯವಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮುಂದೆ ಏನೋ ಇದೆ ಎಂದು ಕಣ್ಣಿಗೆ ಬಿದ್ದು ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 33 ಮೀಟರ್. ಒಣ ರಸ್ತೆಯಲ್ಲಿ ಒಳ್ಳೆಯ ಟೈರಿನ ಕಾರು ಪೂರ್ತಿ ನಿಲ್ಲಲು ಇನ್ನೂ ಸುಮಾರು 36 ಮೀಟರ್. ಒಟ್ಟು 70 ಮೀಟರ್ ಹತ್ತಿರ ಬಂತು. ವೇಗ 100 ಆದರೆ ಅದು ಹೆಚ್ಚುಕಮ್ಮಿ 100 ಮೀಟರ್ ಆಗುತ್ತದೆ. ಮಳೆ ಬಿದ್ದ ರಸ್ತೆ, ಕಬ್ಬಿಣ ಹೇರಿದ ಲಾರಿ, ರಾತ್ರಿ ಪಾಳಿ ಮುಗಿಸಿ ಬರುವ ಕಣ್ಣು, ಯಾವುದನ್ನು ಸೇರಿಸಿದರೂ ದೂರ ಹೆಚ್ಚುತ್ತದೆ. ಹಾಗಾಗಿ ನಿಂತ ಗಾಡಿಯಿಂದ ಹತ್ತು ಹೆಜ್ಜೆ ಹಿಂದೆ ಇಟ್ಟ ಎಚ್ಚರಿಕೆ ಯಾರನ್ನೂ ಎಚ್ಚರಿಸುವುದಿಲ್ಲ. ಅದನ್ನು ಕಂಡವನು ಆಗಲೇ ಗುದ್ದುವವನು.

ನಮ್ಮ ಲಾರಿಯವರಿಗೆ ಈ ಲೆಕ್ಕ ಪುಸ್ತಕದಿಂದ ಬಂದದ್ದಲ್ಲ. ಗಾಡಿ ಕೆಟ್ಟರೆ ಕ್ಲೀನರ್ ಇಳಿದು ರಸ್ತೆ ಬದಿಯಲ್ಲಿ ಸಿಕ್ಕ ಹೊಂಗೆಯದೋ ಬೇವಿನದೋ ಕೊಂಬೆ ಮುರಿದು ಲಾರಿಯ ಹಿಂದೆ ಹಾಕುತ್ತಾನೆ. ಬಯಲುಸೀಮೆಯ ಯಾವ ಹೆದ್ದಾರಿಯಲ್ಲೂ ಸೊಪ್ಪು ಬಿದ್ದಿದೆ ಎಂದರೆ ಮುಂದೆ ಗಾಡಿ ನಿಂತಿದೆ ಎಂದು ಅರ್ಥ. ಹಗಲಲ್ಲಿ ಇದು ಕೆಲಸ ಮಾಡುತ್ತದೆ. ಹಸಿರು ಟಾರಿನ ಮೇಲೆ ದೂರಕ್ಕೇ ಕಾಣುತ್ತದೆ, ಗಾಳಿಗೆ ಅಲುಗುತ್ತದೆ, ಹತ್ತಿ ಹೋದರೂ ಗಾಡಿಗೆ ಏನೂ ಆಗುವುದಿಲ್ಲ. ಯಾವ ನಿಯಮವೂ ಹೇಳಿಕೊಡದೆ ಹುಟ್ಟಿದ ಈ ಸೊಪ್ಪಿನ ಬುದ್ಧಿಯ ಬಗ್ಗೆ ನನಗೆ ಗೌರವವಿದೆ. ಆದರೆ ರಾತ್ರಿ ಅದು ಕಾಣುವುದಿಲ್ಲ. ಅದಕ್ಕೇ ಕ್ಲೀನರ್ ಸೊಪ್ಪಿನ ಜೊತೆ ಕಲ್ಲುಗಳನ್ನೂ ಸಾಲಾಗಿ ಇಡುತ್ತಾನೆ. ರಿಪೇರಿ ಮುಗಿದ ಮೇಲೆ ಲಾರಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಆಮೇಲೆ ಬರುವ ಬೈಕಿನವನಿಗೆ ಆ ಕಲ್ಲು ಕಾಣುವುದು ಮುಂದಿನ ಚಕ್ರ ಅದರ ಮೇಲೆ ಹತ್ತಿದಾಗ. ಪೀಣ್ಯದ ಒಳರಸ್ತೆಗಳಲ್ಲಿ ಸರಕು ಇಳಿಸಲು ಕಾಯುವ ಲಾರಿಗಳ ಚಕ್ರಕ್ಕೆ ಒಡ್ಡಿದ ಕಲ್ಲುಗಳದೂ ಇದೇ ಕಥೆ. ದಯವಿಟ್ಟು ನಿಮ್ಮ ಗೇಟಿನ ಮುಂದೆ ಇಂಥ ಕಲ್ಲು ಕಂಡರೆ ಕಾಲಲ್ಲಿ ಒದ್ದಾದರೂ ಬದಿಗೆ ಸರಿಸಿ.

ಕಾರು ಕೊಂಡಾಗ ಕೊಡುವ ಕೆಂಪು ತ್ರಿಕೋನ ಈ ಸೊಪ್ಪಿನ ರಾತ್ರಿಯ ರೂಪ. ಹೆಡ್‌ಲೈಟ್ ಬಿದ್ದರೆ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತದೆ. ಅದು ಎಲ್ಲರ ಡಿಕ್ಕಿಯಲ್ಲೂ ಇದೆ, ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ, ಸ್ಟೆಪ್ನಿಯ ಕೆಳಗೆ, ಮೇಲೆ ಮೂರು ಬ್ಯಾಗು. ನಗರದ ರಸ್ತೆಯಲ್ಲಿ ಅದನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ, ದೊಡ್ಡವರ ನಡಿಗೆಯಲ್ಲಿ ಸುಮಾರು ಎಪ್ಪತ್ತು ಹೆಜ್ಜೆ. ಹೆದ್ದಾರಿಯಲ್ಲಿ ಅದರ ಎರಡರಷ್ಟು. ತಿರುವು ಅಥವಾ ಏರು ಇದ್ದರೆ ಅದಕ್ಕೂ ಹಿಂದೆ, ಬರುವವನಿಗೆ ಗಾಡಿಗಿಂತ ಮೊದಲು ಅದು ಕಾಣುವ ಜಾಗದಲ್ಲಿ. ಇಡಲು ಹೋಗುವಾಗ ತ್ರಿಕೋನವನ್ನು ಎದೆಯ ಮುಂದೆ ಹಿಡಿದು, ಬರುವ ಗಾಡಿಗಳ ಕಡೆ ಮುಖ ಮಾಡಿ, ರಸ್ತೆಯ ಅಂಚಿನಾಚೆ ನಡೆಯಿರಿ. ನಡೆಯಲು ಅಂಚೇ ಇಲ್ಲದ ಕಡೆ ತ್ರಿಕೋನದ ಆಸೆ ಬಿಡಿ.

ಇನ್ನು ನಾಲ್ಕೂ ಇಂಡಿಕೇಟರ್ ಮಿಣುಕಿಸುವ ಆ ಕೆಂಪು ಗುಂಡಿ. ನಮ್ಮ ಊರಿನಲ್ಲಿ ಇದರ ಮಾನ ಹೋಗಿದೆ. ಸರ್ಕಲ್ಲಿನಲ್ಲಿ ನೇರ ಹೋಗುತ್ತೇನೆ ಎನ್ನಲು ಒತ್ತುತ್ತಾರೆ. ಬೇಕರಿ ಮುಂದೆ ಅಡ್ಡ ನಿಲ್ಲಿಸಿ ಒತ್ತುತ್ತಾರೆ, ಅದನ್ನು ಒತ್ತಿದರೆ ತಪ್ಪು ಮನ್ನಾ ಆಯಿತು ಎಂಬಂತೆ. ಮಳೆ ಬಂದರಂತೂ ಹೊರವರ್ತುಲ ರಸ್ತೆಯ ಅರ್ಧ ಕಾರುಗಳು ಓಡುತ್ತಲೇ ಮಿಣುಕುತ್ತವೆ. ಹೀಗಾಗಿ ಮಿಣುಕು ಕಂಡ ಹಿಂದಿನವನು ಇದು ಓಡುವ ಗಾಡಿಯೋ ನಿಂತ ಗಾಡಿಯೋ ಎಂದು ತಿಳಿಯಲಾರ. ತಿಳಿಯುವಷ್ಟರಲ್ಲಿ ಆ 70 ಮೀಟರ್ ಮುಗಿದಿರುತ್ತದೆ. ಓಡುವಾಗ ಮಳೆಗೆ ಹೆಡ್‌ಲೈಟ್ ಸಾಕು.

ಈಗ ಮೇಲ್ಸೇತುವೆಗೆ ಬರೋಣ. ಈ ವಿಷಯ ನನ್ನನ್ನು ಹೆಚ್ಚು ಕಾಡುವುದು ಅಲ್ಲೇ. ಹೊಸೂರು ರಸ್ತೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹತ್ತು ಕಿಲೋಮೀಟರಿನ ಮೇಲ್ರಸ್ತೆ 2010ರಲ್ಲಿ ತೆರೆಯಿತು. ನಿಮ್ಮ ತಲೆಯ ಮೇಲಿರುವ, ಗೊರಗುಂಟೆಪಾಳ್ಯದಿಂದ ನಾಗಸಂದ್ರದಾಚೆಗೆ ಹೋಗುವ ಸೇತುವೆಯೂ ಹೆಚ್ಚುಕಮ್ಮಿ ಅದೇ ಕಾಲದ್ದು. ಕೆಳಗಿನ ರಸ್ತೆಯಲ್ಲಿ ಗಾಡಿ ಕೆಟ್ಟರೆ ಪಂಕ್ಚರ್ ಅಂಗಡಿ, ಟೀ ಅಂಗಡಿ, ಸರ್ವಿಸ್ ರಸ್ತೆ, ತಳ್ಳಲು ನಾಲ್ಕು ಜನ. ಮೇಲೆ ಎಡಕ್ಕೆ ಗೋಡೆ, ಅದರಾಚೆ ಗಾಳಿ. ವೇಗವಾಗಿ ಹೋಗಲೆಂದೇ ಕಟ್ಟಿದ ರಸ್ತೆಯಲ್ಲಿ ನಿಲ್ಲಬೇಕಾಗಿ ಬಂದವನ ಯೋಚನೆ ಯಾರಿಗೂ ಬಂದಂತಿಲ್ಲ.

ಎಲೆಕ್ಟ್ರಾನಿಕ್ ಸಿಟಿ ಸೇತುವೆಯಲ್ಲಿ ಅಲ್ಲೊಂದು ಇಲ್ಲೊಂದು ರಸ್ತೆ ಅಗಲವಾಗಿ ನಿಲ್ಲಲು ಜಾಗವಿದೆ. 2021ರ ಸೆಪ್ಟೆಂಬರ್ 14ರ ರಾತ್ರಿ ಅಂಥ ಜಾಗದಲ್ಲೇ ಬೈಕು ನಿಲ್ಲಿಸಿ ನಿಂತಿದ್ದ ಯುವಕ ಯುವತಿಗೆ ವೇಗವಾಗಿ ಬಂದ ಕಾರು ಗುದ್ದಿತು. ಇಬ್ಬರೂ ಸೇತುವೆಯ ಮೇಲಿನಿಂದ ಕೆಳಗೆ ಬಿದ್ದು ತೀರಿಕೊಂಡರು. ಅವರು ರಸ್ತೆ ನಡುವೆ ನಿಂತಿರಲಿಲ್ಲ. ನಿಲ್ಲಲೆಂದೇ ಬಿಟ್ಟ ಜಾಗದಲ್ಲಿ ನಿಂತಿದ್ದರು. ಬಣ್ಣದ ಗೆರೆ ಎಳೆದ ಮಾತ್ರಕ್ಕೆ ಜಾಗ ಸುರಕ್ಷಿತವಾಗುವುದಿಲ್ಲ. ಬರುವ ಗಾಡಿಗೂ ನಿಂತವರಿಗೂ ನಡುವೆ ಕಬ್ಬಿಣದ್ದೋ ಕಾಂಕ್ರೀಟಿನದ್ದೋ ತಡೆ ಇರಬೇಕು. ಈ ಕೆಲಸ ನಾಗರಿಕರದಲ್ಲ, ರಸ್ತೆ ಕಟ್ಟಿ ಸುಂಕ ವಸೂಲಿ ಮಾಡುವವರದು.

ಹಾಗಾದರೆ ಸೇತುವೆ ಮೇಲೆ ಟೈರು ಸಿಡಿದರೆ ಏನು ಮಾಡಬೇಕು? ನಿಲ್ಲಿಸಬೇಡಿ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಬ್ರೇಕ್ ಒತ್ತದೆ, ವೇಗ ತಾನೇ ಇಳಿಯಲು ಬಿಟ್ಟು, ಎಡಕ್ಕೆ ಬಂದು, ಮಿಣುಕು ಹಾಕಿ, ನಡಿಗೆಯ ವೇಗದಲ್ಲಾದರೂ ಇಳಿಜಾರಿನ ತನಕ ಉರುಳಿಸಿಕೊಂಡು ಹೋಗಿ. ಟೈರು ಚಿಂದಿಯಾಗುತ್ತದೆ, ರಿಮ್ಮು ಹಾಳಾಗುತ್ತದೆ. ಆಗಲಿ. ಪೆಟ್ರೋಲ್ ಮುಗಿದು ಜರ್ಕ್ ಹೊಡೆಯಲು ಶುರುವಾದರೆ ಇರುವ ವೇಗವನ್ನೇ ಉಳಿಸಿಕೊಂಡು ಇಳಿಯುವ ಕಡೆಗೆ ಸಾಗಿ. ಅಂಬಾಸಿಡರ್ ಓಡಿಸಿದ ಹಿರಿಯರು ಇಲ್ಲಿದ್ದರೆ ಅವರಿಗೆ ಇನ್ನೊಂದು ಉಪಾಯ ಗೊತ್ತಿದೆ: ಫಸ್ಟ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಸೆಲ್ಫ್ ಹೊಡೆದರೆ ಬ್ಯಾಟರಿಯ ಬಲದಲ್ಲೇ ಗಾಡಿ ಕುಪ್ಪಳಿಸುತ್ತಾ ನಾಲ್ಕಾರು ಮೀಟರ್ ಹೋಗುತ್ತಿತ್ತು, ರೈಲ್ವೆ ಗೇಟಿನ ನಡುವೆ ಸಿಕ್ಕಿಕೊಂಡವರನ್ನು ಉಳಿಸುತ್ತಿತ್ತು. ಈಗಿನ ಬಹಳಷ್ಟು ಕಾರುಗಳು ಕ್ಲಚ್ ಒತ್ತದಿದ್ದರೆ ಸ್ಟಾರ್ಟೇ ಆಗುವುದಿಲ್ಲ. ಆ ವಿದ್ಯೆ ಮುಗಿಯಿತು.

ಉರುಳಲೂ ಆಗದೆ ನಿಂತೇಬಿಟ್ಟಿತು ಅನ್ನಿ. ಪಕ್ಕದಲ್ಲಿ ತಡೆಗೋಡೆಯಾಚೆ ಗಟ್ಟಿ ನೆಲವಿದ್ದರೆ ಎಲ್ಲರೂ ಎಡ ಬಾಗಿಲಿನಿಂದ ಇಳಿದು ಗೋಡೆ ದಾಟಿ ನಿಲ್ಲಬೇಕು, ಮಕ್ಕಳು ಮುದುಕರು ಸಮೇತ. ಗಾಡಿಯ ಮುಂದೆ ನಿಲ್ಲಬೇಡಿ, ಹಿಂದಿನಿಂದ ಯಾರಾದರೂ ಗುದ್ದಿದರೆ ನಿಮ್ಮ ಗಾಡಿಯೇ ನಿಮ್ಮ ಮೇಲೆ ಬರುತ್ತದೆ. ಗಾಡಿಗಿಂತ ಹಿಂದಕ್ಕೆ, ಬರುವವರು ಕಾಣುವ ಕಡೆ ನಿಲ್ಲಿ. ಡಿಕ್ಕಿ ತೆರೆದು ಹುಡುಕುವುದು, ಬಾನೆಟ್ಟಿನೊಳಗೆ ತಲೆ ಹಾಕುವುದು, ಎರಡು ಗಾಡಿಗಳ ನಡುವೆ ನಿಂತು ನಷ್ಟ ಅಳೆಯುವುದು, ಮೂರೂ ಜೀವ ತೆಗೆಯುವ ಕೆಲಸಗಳು. ಗೋಡೆಯಾಚೆ ನೆಲವೇ ಇಲ್ಲದ ಸೇತುವೆಯ ಮೇಲೆ, ಗಾಡಿಗಳು ಬರುತ್ತಲೇ ಇದ್ದರೆ, ಒಳಗೇ ಕೂತು ಬೆಲ್ಟ್ ಹಾಕಿ, ಮಿಣುಕು ಹಾಕಿ, ತಲೆಯನ್ನು ಸೀಟಿನ ದಿಂಬಿಗೆ ಒರಗಿಸಿ ಫೋನ್ ಮಾಡುವುದು ಇರುವ ಕೆಟ್ಟ ದಾರಿಗಳಲ್ಲಿ ಕಡಿಮೆ ಕೆಟ್ಟದ್ದು. ಹೊಗೆ ಬಂದರೆ ಮಾತ್ರ ಈ ಲೆಕ್ಕ ತಲೆಕೆಳಗು, ಇಳಿದು ದೂರ ಹೋಗಲೇಬೇಕು. ಬಾನೆಟ್ ತೆರೆದರೆ ಗಾಳಿ ಸಿಕ್ಕಿ ಬೆಂಕಿ ಭುಗಿಲೇಳುತ್ತದೆ, ಮುಟ್ಟಬೇಡಿ.

ಫೋನ್ ಯಾರಿಗೆ? ಪೊಲೀಸ್, ಅಗ್ನಿಶಾಮಕ ಎಲ್ಲಕ್ಕೂ 112. ಆಂಬುಲೆನ್ಸಿಗೆ 108. ತುಮಕೂರು ರಸ್ತೆ, ಹೊಸೂರು ರಸ್ತೆ, ಹಳೆ ಮದ್ರಾಸು ರಸ್ತೆ ಎಲ್ಲವೂ ರಾಷ್ಟ್ರೀಯ ಹೆದ್ದಾರಿಗಳಾದ್ದರಿಂದ 1033 ಕೂಡ ಇದೆ. ಜಾಗ ಹೇಳುವುದರಲ್ಲಿ ನಮ್ಮವರು ಸೋಲುತ್ತಾರೆ. ‘ಸೇತುವೆ ಮೇಲೆ’ ಎಂದರೆ ಯಾವ ಕಡೆ? ಊರೊಳಗೆ ಬರುವ ದಿಕ್ಕೋ ಹೊರಗೆ ಹೋಗುವ ದಿಕ್ಕೋ ಎಂಬುದು ಮೊದಲ ಮಾತಾಗಲಿ, ಇಲ್ಲದಿದ್ದರೆ ಕ್ರೇನು ಎದುರು ಬದಿಗೆ ಬಂದು ನಿಂತು ಕೈಬೀಸುತ್ತದೆ. ಪಕ್ಕದ ಮೆಟ್ರೊ ಕಂಬದ ಸಂಖ್ಯೆ ಕಂಡರೆ ಹೇಳಿ. 2021ರ ಡಿಸೆಂಬರಿನಲ್ಲಿ ಪೀಣ್ಯ ಸೇತುವೆಯ ಕೇಬಲ್ ಸಡಿಲವಾಗಿ ಸಂಚಾರ ನಿಂತಾಗ ಆ ಸೇತುವೆಯ 102, 103ನೇ ಕಂಬಗಳ ವಿಷಯ ಇಡೀ ಬೆಂಗಳೂರಿನ ಬಾಯಲ್ಲಿತ್ತು. ಆ ನೆನಪಿನ ಶಕ್ತಿಯನ್ನು ಇಂಥ ಹೊತ್ತಿಗೂ ಬಳಸಬಹುದು.

ದಂಡದ ಹೆದರಿಕೆಯಿಂದ ತಾವೇ ತಳ್ಳಲು ಹೋಗುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 201ನೇ ಕಲಮು ರಸ್ತೆಗೆ ಅಡ್ಡಿಯಾದ ಗಾಡಿಗೆ 500 ರೂಪಾಯಿವರೆಗೆ ದಂಡ ಮತ್ತು ಎಳೆದೊಯ್ಯುವ ಖರ್ಚು ಹೇಳುತ್ತದೆ, ನಿಜ. 2019ರ ತಿದ್ದುಪಡಿ ಅದಕ್ಕೇ ಒಂದು ವಿನಾಯಿತಿಯನ್ನೂ ಸೇರಿಸಿತು: ಗಾಡಿ ಅನಿರೀಕ್ಷಿತವಾಗಿ ಕೆಟ್ಟಿದ್ದು, ಅದನ್ನು ತೆಗೆಸುವ ಕೆಲಸ ನಡೆಯುತ್ತಿದ್ದರೆ ದಂಡವಿಲ್ಲ. ನೀವು ಫೋನ್ ಮಾಡಿದ ಸಮಯವೇ ನಿಮ್ಮ ಸಾಕ್ಷಿ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಮೆಕ್ಯಾನಿಕ್ ಇದ್ದಾನೆ. ಬಿಸಿಯಾದ ರೇಡಿಯೇಟರ್ ಮುಚ್ಚಳವನ್ನು ಬಟ್ಟೆ ಹಿಡಿದೂ ತೆಗೆಯಬೇಡಿ, ಒಳಗಿನ ನೀರು ಒತ್ತಡದಲ್ಲಿ ನೂರು ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ, ಮುಚ್ಚಳ ಸಡಿಲಾದ ಕ್ಷಣ ಮುಖಕ್ಕೆ ಹಾರುತ್ತದೆ. ಬ್ಯಾಟರಿಗೆ ಬೇರೆ ಗಾಡಿಯಿಂದ ಕರೆಂಟು ಕೊಡುವಾಗ ಕೊನೆಯ ಕಪ್ಪು ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕದೆ ಆ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಾಕಿ, ಕಿಡಿ ಬ್ಯಾಟರಿಯಿಂದ ದೂರ ಹಾರಲಿ. ಎಲೆಕ್ಟ್ರಿಕ್ ಕಾರನ್ನೂ ಹೆಚ್ಚಿನ ಆಟೊಮ್ಯಾಟಿಕ್ ಕಾರನ್ನೂ ಹಗ್ಗ ಕಟ್ಟಿ ಎಳೆಸಬಾರದು, ಚಪ್ಪಟೆ ಲಾರಿಯ ಮೇಲೇರಿಸಿಯೇ ಒಯ್ಯಬೇಕು.

ನೀರಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. 2022ರ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯಲ್ಲಿ ಲ್ಯಾಪ್‌ಟಾಪ್ ಬ್ಯಾಗಿನವರು ಟ್ರಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಚಿತ್ರ ಎಲ್ಲರೂ ನೋಡಿ ನಕ್ಕೆವು. ಅದೇ ಮಳೆಯಲ್ಲಿ ವೈಟ್‌ಫೀಲ್ಡ್ ಬಳಿಯ ಸಿದ್ದಾಪುರದಲ್ಲಿ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೊರಟಿದ್ದ ತರುಣಿಯೊಬ್ಬಳು ನಿಂತ ನೀರಿನಲ್ಲಿ ಆಯ ತಪ್ಪಿ ಪಕ್ಕದ ವಿದ್ಯುತ್ ಕಂಬ ಹಿಡಿದಳು. ಅಲ್ಲೇ ಮುಗಿಯಿತು. ಮರುವರ್ಷ ನವೆಂಬರಿನಲ್ಲಿ ಹೋಪ್‌ಫಾರ್ಮ್ ಸರ್ಕಲ್ಲಿನ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಅವಳ ಕೈಗೂಸು ಹೋದರು. ಮಳೆಯಲ್ಲಿ ಗಾಡಿ ನಿಂತರೆ ಆಸರೆಗೆ ಕಂಬವನ್ನು ಹಿಡಿಯದಿರುವುದು ಬುದ್ಧಿಯ ಕೆಲಸವಾಗದೆ ಕೈಯ ಅಭ್ಯಾಸವಾಗಬೇಕು. ಬೀಳುವುದಾದರೆ ಬೀಳಿ, ಸ್ಕೂಟರ್ ಬಿದ್ದರೆ ಬೀಳಲಿ. ಕಾರಿನ ಮೇಲೆಯೇ ತಂತಿ ಬಿದ್ದರೆ ಒಳಗೇ ಕೂತು ಬೆಸ್ಕಾಂನ 1912ಕ್ಕೆ, 112ಕ್ಕೆ ಫೋನ್ ಮಾಡಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ಹಾರಿ, ಪಾದ ಎತ್ತದೆ ಎಳೆದುಕೊಂಡೇ ದೂರ ಸರಿಯಿರಿ.

2023ರ ಮೇ 21ರಂದು ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ತೀರಿಕೊಂಡ ಯುವತಿ ಕೆಲಸ ಮಾಡುತ್ತಿದ್ದದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮನೆಯವರಿಗೆ ಊರು ತೋರಿಸಲು ಬಾಡಿಗೆ ಕಾರಿನಲ್ಲಿ ಬಂದಿದ್ದಳು. ನೀರು ಎಷ್ಟು ಬೇಗ ಬಾಗಿಲನ್ನು ಒತ್ತಿ ಹಿಡಿಯುತ್ತದೆ ಎಂಬುದಕ್ಕೆ ಲೆಕ್ಕ ಇಲ್ಲಿದೆ. ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗೆ ಅರ್ಧ ಮೀಟರ್ ನೀರು ನಿಂತರೆ ಸುಮಾರು ನೂರಿಪ್ಪತ್ತೈದು ಕಿಲೋ ತೂಕದಷ್ಟು ಒತ್ತಡ. ನೀರು ಎರಡರಷ್ಟು ಏರಿದರೆ ಒತ್ತಡ ನಾಲ್ಕರಷ್ಟು. ಅದಕ್ಕೇ ಎಂಜಿನ್ ನಿಂತ ಕ್ಷಣ, ಕರೆಂಟ್ ಇನ್ನೂ ಇರುವಾಗಲೇ ಕಿಟಕಿ ಇಳಿಸಿ, ಬೆಲ್ಟ್ ಬಿಚ್ಚಿ, ಕಿಟಕಿಯಿಂದ ಹೊರಬಂದು ಮೇಲ್ಚಾವಣಿ ಹತ್ತಬೇಕು. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆ ಹೊಡೆಯಿರಿ. ಮುಂದಿನ ಗಾಜಿಗೆ ಹೊಡೆದು ಫಲವಿಲ್ಲ, ಅದರ ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಇದೆ. ಮತ್ತೆ ಸ್ಟಾರ್ಟ್ ಮಾಡಲು ಕೂರುವವರು ಎಂಜಿನ್ನು, ಸಮಯ ಎರಡನ್ನೂ ಕಳೆದುಕೊಳ್ಳುತ್ತಾರೆ. ಸಿಲಿಂಡರಿಗೆ ಹೋದ ನೀರು ಕುಗ್ಗದೆ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ, ಅಷ್ಟರಲ್ಲಿ ಹೊರಬರುವ ಹೊತ್ತೂ ಮೀರಿರುತ್ತದೆ.

ಅಪಘಾತವಾದವರನ್ನು ಕಂಡಾಗ ಏನು? 2016ರ ಫೆಬ್ರವರಿಯಲ್ಲಿ ಇದೇ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಬಳಿ, ಗುಬ್ಬಿ ಕಡೆಯ ಹರೀಶ್ ಎಂಬ ಯುವಕನ ಮೇಲೆ ಲಾರಿ ಹರಿಯಿತು. ದೇಹ ಎರಡಾಗಿ ಬಿದ್ದಿದ್ದಾಗಲೂ ಆತ ತನ್ನ ಅಂಗಾಂಗ ದಾನ ಮಾಡಿ ಎಂದ. ಕಣ್ಣುಗಳು ಉಪಯೋಗಕ್ಕೆ ಬಂದವು. ಮುಂದಿನ ತಿಂಗಳೇ ಸರ್ಕಾರ ಅವನ ಹೆಸರಿನಲ್ಲಿ ಸಾಂತ್ವನ ಯೋಜನೆ ತಂದಿತು, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ. ಅದೇ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ನಂತರ ಅದು ಮೋಟಾರು ವಾಹನ ಕಾಯ್ದೆಯ 134ಎ ಕಲಮಾಯಿತು. ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ, ಸಾಕ್ಷಿಯಾಗಲೇಬೇಕೆಂದಿಲ್ಲ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷದ ನಗದುರಹಿತ ಚಿಕಿತ್ಸೆಯೂ ಇದೆ. ಕೇಸಿನ ತಾಪತ್ರಯ ಎಂಬ ಹಳೆಯ ನೆಪ ಈಗ ನಡೆಯದು. ಬಿದ್ದವರ ಬಾಯಿಗೆ ನೀರು ಹಾಕಬೇಡಿ, ಬೆಂಕಿಯೋ ನೀರೋ ಇಲ್ಲದಿದ್ದರೆ ಕುತ್ತಿಗೆ ಅಲುಗಿಸಿ ಎತ್ತಬೇಡಿ, ರಕ್ತ ಸುರಿಯುವ ಕಡೆ ಬಟ್ಟೆ ಒತ್ತಿ ಹಿಡಿಯಿರಿ. ಮತ್ತೆ ಮೊದಲಿನ ಮಾತೇ: ನೆರವಿಗೆ ಇಳಿಯುವ ಮೊದಲು ನಿಮ್ಮ ಗಾಡಿ ಎಲ್ಲಿ ನಿಂತಿದೆ ನೋಡಿಕೊಳ್ಳಿ.

ಇನ್ನೊಂದೇ ವಿಷಯ, ಮುಗಿಸುತ್ತೇನೆ. ರಾತ್ರಿ ಪಾಳಿಯ ಕ್ಯಾಬ್ ಕೆಟ್ಟರೆ ಕಂಪನಿಯವರು ಬೇರೆ ಕ್ಯಾಬ್ ಕಳಿಸಿ ಉದ್ಯೋಗಿಗಳನ್ನು ಕರೆದೊಯ್ಯುತ್ತಾರೆ. ಒಳ್ಳೆಯದು. ಚಾಲಕ ಉಳಿಯುತ್ತಾನೆ. ಆ ಗಾಡಿಯ ಮೇಲೆ ಅವನ ಸಾಲದ ಕಂತಿದೆ, ಬಿಟ್ಟು ಗೋಡೆಯಾಚೆ ಹೋಗೆಂದು ನಾನು ಹೇಳಿದರೆ ಅವನಿಗೆ ಅದು ಹೊಟ್ಟೆ ತುಂಬಿದವರ ಉಪದೇಶ. ಸಿಡಿದ ಟೈರಿನಲ್ಲೇ ಇಳಿಜಾರಿನ ತನಕ ಉರುಳಿಸು ಎಂದರೆ ರಿಮ್ಮಿನ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳುತ್ತಾನೆ. ಕೇಳಿದ್ದಾರೆ ಕೂಡ, ನನ್ನ ಬಳಿ ಉತ್ತರವಿರಲಿಲ್ಲ. ಈ ಸಭೆಯಲ್ಲಿ ಸಾರಿಗೆ ಗುತ್ತಿಗೆಗಳಿಗೆ ಸಹಿ ಹಾಕುವ ಕೆಲವರಾದರೂ ಇದ್ದಾರೆ. ಕಾರ್ಖಾನೆಯ ಬಸ್ಸಾಗಲಿ ಕಂಪನಿಯ ಕ್ಯಾಬಾಗಲಿ, ಮುಂದಿನ ಸಲ ಗುತ್ತಿಗೆ ನವೀಕರಿಸುವಾಗ ಒಂದು ಸಾಲು ಸೇರಿಸಿ: ಕೆಟ್ಟ ಗಾಡಿಯನ್ನು ಸೇತುವೆಯಿಂದ ಅಥವಾ ಓಡುವ ಸಾಲಿನಿಂದ ಹೊರಗೆ ತರುವಾಗ ಹಾಳಾದ ಟೈರು, ರಿಮ್ಮು, ಕ್ಲಚ್ ಪ್ಲೇಟಿನ ಖರ್ಚು ಕಂಪನಿಯದು, ಚಾಲಕನದಲ್ಲ. ಅದರ ಕರಡನ್ನು ಬರೆದು ತಂದಿದ್ದೇನೆ, ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ.